ನೊಬೆಲ್ ತಂದ ಪ್ರಬಂಧ ಬರೆದ ಹಿಲ್ಡೆ

ಪಿಎಚ್.ಡಿ ಪ್ರಬಂಧ ಎಂದರೆ ಗ್ರಂಥಾಲಯದ ಮೂಲೆಯಲ್ಲಿ ದೂಳು ಹಿಡಿಯುವ ದಪ್ಪ ಪುಸ್ತಕ ಎಂದು ನಾವು ಕಾಲೇಜಿನಲ್ಲಿ ತಮಾಷೆ ಮಾಡುವುದುಂಟು. ಆದರೆ ಜರ್ಮನಿಯ ಒಬ್ಬ ವಿದ್ಯಾರ್ಥಿನಿ ಬರೆದ ಅಂಥದ್ದೇ ಒಂದು ಪ್ರಬಂಧ 1935ರಲ್ಲಿ ನೊಬೆಲ್ ಪ್ರಶಸ್ತಿಗೆ ದಾರಿಯಾಯಿತು. ಪ್ರಶಸ್ತಿ ಪಡೆದವರು ಆಕೆಯ ಗೈಡ್. ಆಕೆ ಅಷ್ಟರಲ್ಲಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಸಾಯುವಾಗ ಇಪ್ಪತ್ತಾರು ಕೂಡ ತುಂಬಿರಲಿಲ್ಲ.

ಆಕೆಯ ಹೆಸರು ಹಿಲ್ಡೆ ಮ್ಯಾಂಗೋಲ್ಡ್. ನೂರು ವರ್ಷದ ಹಿಂದಿನವರು, ದೊಡ್ಡ ವಿಜ್ಞಾನಿ. ಆದರೂ ಅವರು ಆ ಕೆಲಸ ಮಾಡಿದ್ದು ನನಗಿಂತ ಬರೀ ಎರಡು ಮೂರು ವರ್ಷ ದೊಡ್ಡವರಾಗಿದ್ದಾಗ. ಹಾಗಾಗಿ ಸೀನಿಯರ್ ಅಕ್ಕನೊಬ್ಬಳ ಕತೆ ಹೇಳಿದಂತೆ ಏಕವಚನದಲ್ಲೇ ಬರೆಯುತ್ತೇನೆ, ಓದುಗರು ಬೇಸರಿಸಬಾರದು.

ಸಿಪಿಯು ಜೋಡಿಸಿದವರು ಯಾರು?

ವಿಟಿಯು ಬಿಇ ಓದುವ ನಮಗೆ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಎಂಬ ಪುಟ್ಟ ವಿಷಯವೊಂದಿದೆ. ಅದರಲ್ಲಿ ಮಿದುಳನ್ನು ಸಿಪಿಯುಗೆ, ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವ ಪಾಠ ಬರುತ್ತದೆ. ಇಲೆಕ್ಟ್ರಾನಿಕ್ಸ್ ಓದುತ್ತಿರುವ ನನಗೆ ಹೋಲಿಕೆಯೇನೋ ಹಿಡಿಸಿತು. ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿತು. ಸಿಪಿಯುವನ್ನು ಕಾರ್ಖಾನೆಯಲ್ಲಿ ಜನ ಕೂತು, ನಕ್ಷೆ ಇಟ್ಟುಕೊಂಡು ತಯಾರಿಸುತ್ತಾರೆ. ಮಿದುಳನ್ನು ಜೋಡಿಸುವವರು ಯಾರು? ಒಂದೇ ಒಂದು ಕೋಶದಿಂದ ಶುರುವಾದ ಭ್ರೂಣದಲ್ಲಿ, ನೀನು ಚರ್ಮವಾಗು, ನೀನು ಬೆನ್ನುಹುರಿಯಾಗು ಎಂದು ಹಂಚಿಕೊಡುವವರು ಯಾರು?

ಈ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದಾಗ ಸಿಕ್ಕವಳು ಹಿಲ್ಡೆ.

ಆಕೆಯ ಕತೆಗೆ ಮೊದಲು ಒಂದು ಸಂಗತಿ ತಿಳಿದಿರಬೇಕು. ನಮ್ಮ ಬೆನ್ನಿನ ಚರ್ಮ ಮತ್ತು ಅದರ ಒಳಗಿರುವ ಬೆನ್ನುಹುರಿ ಮೂಲದಲ್ಲಿ ಒಂದೇ ಹಾಳೆ. ಮೀನು, ಕಪ್ಪೆ, ಕೋಳಿ, ಮನುಷ್ಯ ಹೀಗೆ ಬೆನ್ನೆಲುಬಿರುವ ಎಲ್ಲ ಜೀವಿಗಳಲ್ಲೂ ಹೀಗೆಯೇ. ಭ್ರೂಣದ ಹೊರಪದರದಲ್ಲಿ ಬೆನ್ನಿನ ಭಾಗ ಮೊದಲು ದಪ್ಪಗಾಗುತ್ತದೆ. ಆಮೇಲೆ ಅದರ ಎರಡೂ ಅಂಚುಗಳು ಮೇಲೆದ್ದು, ಒಂದರ ಕಡೆಗೊಂದು ಬಾಗಿ, ಕೊನೆಗೆ ಕೂಡಿಕೊಂಡು ಕೊಳವೆಯಾಗುತ್ತದೆ. ನಮ್ಮ ತೋಟದ ಬಾಳೆಯ ಹೊಸ ಎಲೆ ಸುರುಳಿಯಾಗಿ ಹುಟ್ಟಿ ಆಮೇಲೆ ಬಿಚ್ಚಿಕೊಳ್ಳುತ್ತದಲ್ಲ, ಇದು ಅದರ ತಿರುಗುಮುರುಗು. ಇಲ್ಲಿ ಬಿಚ್ಚಿದ್ದ ಎಲೆ ಸುರುಳಿಯಾಗುತ್ತದೆ. ಆ ಕೊಳವೆಯ ಮುಂದಿನ ತುದಿ ಉಬ್ಬಿ ಮಿದುಳಾಗುತ್ತದೆ, ಹಿಂದಿನ ಉದ್ದ ಭಾಗ ಬೆನ್ನುಹುರಿಯಾಗುತ್ತದೆ. ಕೊಳವೆಯ ಮೇಲೆ ಮತ್ತೆ ಮುಚ್ಚಿಕೊಳ್ಳುವ ಪದರ ಚರ್ಮವಾಗುತ್ತದೆ.

ನಮ್ಮ ಮರ್ಕಂಜದ ಕಡೆ ಮಳೆ ಹಿಡಿದ ಮೊದಲ ವಾರಗಳಲ್ಲಿ ಅಡಿಕೆ ತೋಟದ ಕಣಿಗಳಲ್ಲಿ, ಗದ್ದೆಯ ನೀರಿನಲ್ಲಿ ಕಪ್ಪೆಯ ಮೊಟ್ಟೆಗಳು ಲೋಳೆಯ ಮುದ್ದೆಯಾಗಿ ತೇಲುತ್ತವೆ. ಪ್ರತಿ ಕಪ್ಪು ಚುಕ್ಕಿಯೊಳಗೂ ಒಂದೆರಡು ದಿನದಲ್ಲಿ ಈ ಸುರುಳಿ ಸುತ್ತುವ ಕೆಲಸ ನಡೆದುಹೋಗುತ್ತದೆ. ನಾವು ಅದನ್ನು ದಾಟಿಕೊಂಡು ಬಸ್ಸಿಗೆ ಓಡುತ್ತಿರುತ್ತೇವೆ.

ಗೋಥಾದ ಹುಡುಗಿ

ಹಿಲ್ಡೆ ಹುಟ್ಟಿದ್ದು 1898ರ ಅಕ್ಟೋಬರ್ 20ರಂದು, ಜರ್ಮನಿಯ ಗೋಥಾ ಎಂಬ ಊರಿನಲ್ಲಿ. ಆಗ ಆಕೆ ಹಿಲ್ಡೆ ಪ್ರೋಶೋಲ್ಟ್. ತಂದೆಯದ್ದು ಸಾಬೂನಿನ ಕಾರ್ಖಾನೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಆಕೆ ಯೇನಾ ವಿಶ್ವವಿದ್ಯಾಲಯ ಸೇರಿದಳು. ಅಲ್ಲಿಂದ ಫ್ರಾಂಕ್‌ಫರ್ಟಿಗೆ ಹೋದಳು. ಹೆಣ್ಣುಮಕ್ಕಳಿಗೆ ಜರ್ಮನಿಯ ವಿಶ್ವವಿದ್ಯಾಲಯಗಳ ಬಾಗಿಲು ತೆರೆದು ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ದೇಶ ಯುದ್ಧದಲ್ಲಿ ಸೋತಿತ್ತು, ಹಣದ ಬೆಲೆ ಕುಸಿಯುತ್ತಿತ್ತು. ಓದು ಮುಗಿದ ಮೇಲೆ ಕೆಲಸ ಸಿಗುತ್ತದೆ ಎಂಬ ಭರವಸೆ ಗಂಡುಮಕ್ಕಳಿಗೇ ಇರಲಿಲ್ಲ.

ಫ್ರಾಂಕ್‌ಫರ್ಟಿನಲ್ಲಿ ಆಕೆ ಹಾನ್ಸ್ ಸ್ಪೆಮನ್ ಎಂಬ ಪ್ರಾಧ್ಯಾಪಕರ ಉಪನ್ಯಾಸವೊಂದನ್ನು ಕೇಳಿದಳು. ಭ್ರೂಣವನ್ನು ನೋಡಿ ಚಿತ್ರ ಬರೆಯುವುದಷ್ಟೇ ಅಲ್ಲದೆ, ಅದನ್ನು ಕತ್ತರಿಸಿ, ಜಾಗ ಬದಲಿಸಿ, ಏನಾಗುತ್ತದೆ ಎಂದು ಪರೀಕ್ಷಿಸುವ ಹೊಸ ವಿದ್ಯೆಯ ಬಗ್ಗೆ ಅವರು ಮಾತನಾಡಿದ್ದರು. ಆ ಒಂದು ಉಪನ್ಯಾಸ ಹಿಲ್ಡೆಯ ದಾರಿ ಬದಲಿಸಿತು. 1920ರಲ್ಲಿ ಆಕೆ ಸ್ಪೆಮನ್ ಇದ್ದ ಫ್ರೈಬರ್ಗಿಗೆ ಹೊರಟಳು.

ಸ್ಪೆಮನ್ ಆಗಲೇ ಹೆಸರಾಂತ ಭ್ರೂಣವಿಜ್ಞಾನಿ. ನ್ಯೂಟ್ ಎಂಬ ಜೀವಿಯ ಮೊಟ್ಟೆಗೆ ಪುಟ್ಟ ಮಗುವಿನ ಕೂದಲಿನಿಂದ ಕುಣಿಕೆ ಹಾಕಿ ಎರಡಾಗಿ ಬಿಗಿದವರು. ನ್ಯೂಟ್ ನೋಡಲು ಹಲ್ಲಿಯಂತೆ, ಆದರೆ ಕಪ್ಪೆಯ ಬಳಗದ ಉಭಯಚರ. ನಮ್ಮ ಪಶ್ಚಿಮ ಘಟ್ಟದಲ್ಲಿ ಅದಿಲ್ಲ. ಕುಣಿಕೆ ಬಿಗಿದಾಗ ಕೆಲವೊಮ್ಮೆ ಒಂದು ಮೊಟ್ಟೆಯಿಂದ ಎರಡು ಪೂರ್ಣ ಮರಿಗಳಾಗುತ್ತಿದ್ದವು. ಇನ್ನು ಕೆಲವೊಮ್ಮೆ ಒಂದು ಕಡೆ ಪೂರ್ಣ ಮರಿ, ಇನ್ನೊಂದು ಕಡೆ ಬೆನ್ನೂ ಇಲ್ಲದ, ತಲೆಯೂ ಇಲ್ಲದ ಬರೀ ಹೊಟ್ಟೆಯ ಮುದ್ದೆ. ಅಂದರೆ ಮೊಟ್ಟೆಯ ಎಲ್ಲ ಭಾಗವೂ ಸಮಾನವಲ್ಲ, ಯಾವುದೋ ಒಂದು ಜಾಗದಲ್ಲಿ ವಿಶೇಷ ಶಕ್ತಿ ಅಡಗಿದೆ ಎಂದು ಸ್ಪೆಮನ್ನರಿಗೆ ಗುಮಾನಿ ಬಂದಿತ್ತು.

ಕೈಗೂಡದ ಮೊದಲ ಪ್ರಾಜೆಕ್ಟ್

ಹಿಲ್ಡೆಗೆ ಮೊದಲು ಸಿಕ್ಕ ಪ್ರಾಜೆಕ್ಟ್ ಇದಲ್ಲ. ಹೈಡ್ರಾ ಎಂಬ ಸೂಕ್ಷ್ಮ ಜಲಜೀವಿಯನ್ನು ಕಾಲುಚೀಲ ಮಗುಚಿದಂತೆ ಒಳಗಿನದನ್ನು ಹೊರಗೆ ಮಾಡಿದ ಪ್ರಯೋಗವೊಂದನ್ನು 18ನೇ ಶತಮಾನದಲ್ಲಿ ಅಬ್ರಹಾಂ ಟ್ರೆಂಬ್ಲೆ ಎಂಬಾತ ಮಾಡಿದ್ದ. ಅದನ್ನು ಮತ್ತೆ ಮಾಡಿ ತೋರಿಸು ಎಂದು ಗೈಡ್ ಹೇಳಿದರು. ಹಿಲ್ಡೆ ಮತ್ತೆ ಮತ್ತೆ ಪ್ರಯತ್ನಿಸಿದಳು. ಹೈಡ್ರಾ ಮಗುಚಲಿಲ್ಲ. ಅದೇ ಲ್ಯಾಬಿನಲ್ಲಿ ಅದೇ ಸಮಯಕ್ಕೆ ವಿಕ್ಟರ್ ಹ್ಯಾಂಬರ್ಗರ್, ಯೋಹಾನೆಸ್ ಹೋಲ್ಟ್‌ಫ್ರೇಟರ್ ಎಂಬ ಗೆಳೆಯರೂ ಓದುತ್ತಿದ್ದರು. ಮುಂದೆ ಇಬ್ಬರೂ ಭ್ರೂಣವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದರು. ಹಿಲ್ಡೆಯ ಬಗ್ಗೆ ನಮಗೆ ತಿಳಿದಿರುವ ಎಷ್ಟೋ ಸಂಗತಿ ಹ್ಯಾಂಬರ್ಗರ್ ಮುಪ್ಪಿನಲ್ಲಿ ನೆನಪಿಸಿಕೊಂಡು ಬರೆದದ್ದು.

ಪ್ರಾಜೆಕ್ಟ್ ಮುಂದೆ ಸಾಗದಿದ್ದರೆ ಎಂಥ ಸಂಕಟ ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹಿಲ್ಡೆ ಅಲ್ಲಿಗೇ ಬಿಡಲಿಲ್ಲ. ಗೈಡ್ ಬಳಿ ಬೇರೆ ವಿಷಯ ಕೇಳಿದಳು. 1921ರ ವಸಂತದಲ್ಲಿ ಸ್ಪೆಮನ್ ಆಕೆಗೆ ಎರಡನೇ ವಿಷಯ ಕೊಟ್ಟರು. ವಿಜ್ಞಾನದ ಚರಿತ್ರೆಯಲ್ಲಿ ಉಳಿದದ್ದು ಅದು.

ಎರಡು ಬಣ್ಣದ ಮೊಟ್ಟೆಗಳು

ಪ್ರಯೋಗ ಹೀಗಿತ್ತು. ಬೆಳೆಯುತ್ತಿರುವ ನ್ಯೂಟ್ ಭ್ರೂಣ ಒಂದು ಹಂತದಲ್ಲಿ ಪುಟ್ಟ ಚೆಂಡಿನಂತಿರುತ್ತದೆ. ಅದರ ಮೈಮೇಲೆ ಒಂದು ಸಣ್ಣ ಸೀಳು ಕಾಣಿಸಿಕೊಂಡು, ಹೊರಗಿನ ಕೋಶಗಳು ಅದರ ಮೂಲಕ ಒಳಕ್ಕೆ ಜಾರತೊಡಗುತ್ತವೆ. ಆ ಸೀಳಿನ ಮೇಲಂಚನ್ನು ‘ತುಟಿ’ ಎನ್ನುತ್ತಾರೆ. ಒಂದು ಭ್ರೂಣದ ಈ ತುಟಿಯ ಚೂರನ್ನು ಕತ್ತರಿಸಿ, ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ, ಅಂದರೆ ಸಾಮಾನ್ಯವಾಗಿ ಬರೀ ಚರ್ಮವಾಗುವ ಜಾಗಕ್ಕೆ, ನೆಡಬೇಕು. ಆಮೇಲೆ ಏನಾಗುತ್ತದೆ ಎಂದು ಕಾಯಬೇಕು.

ಇದರಲ್ಲಿ ಒಂದು ಜಾಣ ಉಪಾಯವಿತ್ತು. ಚೂರು ಕೊಡುವ ಭ್ರೂಣ ಒಂದು ಜಾತಿಯ ನ್ಯೂಟಿನದು, ಬಣ್ಣವಿಲ್ಲದ ಬಿಳಿಚು ಕೋಶಗಳದ್ದು. ಚೂರು ಪಡೆಯುವ ಭ್ರೂಣ ಇನ್ನೊಂದು ಜಾತಿಯದು, ಕಂದು ಬಣ್ಣದ ಕೋಶಗಳದ್ದು. ಹಾಗಾಗಿ ಮುಂದೆ ಏನೇ ಬೆಳೆದರೂ ಯಾವ ಕೋಶ ಯಾರದ್ದು ಎಂದು ಸೂಕ್ಷ್ಮದರ್ಶಕದಲ್ಲಿ ಬಣ್ಣ ನೋಡಿ ಹೇಳಬಹುದು. ಸ್ಪೆಮನ್ ಹಿಂದೆ ಮಾಡಿದ ಪ್ರಯೋಗಗಳಲ್ಲಿ ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆಯೇ ಇದು. ಸರ್ಕ್ಯೂಟ್ ಬೋರ್ಡಿನಲ್ಲಿ ನಾವು ಬೇರೆ ಬೇರೆ ಬಣ್ಣದ ವೈರ್ ಹಾಕುವುದೂ ಇದೇ ಕಾರಣಕ್ಕೆ.

ಹೇಳಲು ಸುಲಭ. ಭ್ರೂಣದ ಗಾತ್ರ ಸಾಸಿವೆ ಕಾಳಿನಷ್ಟು. ಉಪಕರಣಗಳೆಂದರೆ ಗಾಜನ್ನು ಕಾಯಿಸಿ ಎಳೆದು ಮಾಡಿದ ಸೂಜಿ, ತೆಳು ಗಾಜಿನ ನಳಿಕೆ, ಕೂದಲಿನ ಕುಣಿಕೆ. ಮೊಟ್ಟೆಯ ಸುತ್ತಲಿನ ಲೋಳೆಯನ್ನೂ ಪೊರೆಯನ್ನೂ ಕೈಯಿಂದಲೇ ಬಿಡಿಸಬೇಕು. ಪೊರೆ ಹೋದ ಭ್ರೂಣಕ್ಕೆ ರಕ್ಷಣೆಯೇ ಇಲ್ಲ. ಆ್ಯಂಟಿಬಯಾಟಿಕ್ ಇನ್ನೂ ಬಂದಿರದ ಕಾಲ ಅದು. ನಂಜು ತಗುಲಿ ಹೆಚ್ಚಿನ ಭ್ರೂಣಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಮೇಲಾಗಿ ನ್ಯೂಟ್ ಮೊಟ್ಟೆ ಇಡುವುದು ವಸಂತ ಕಾಲದಲ್ಲಿ ಮಾತ್ರ. ಆ ಕೆಲವು ವಾರಗಳು ಹೋದರೆ ಮತ್ತೆ ಒಂದು ವರ್ಷ ಕಾಯಬೇಕು. ವರ್ಷಕ್ಕೊಮ್ಮೆ ಬರುವ ಸ್ಪರ್ಧಾತ್ಮಕ ಪರೀಕ್ಷೆಗೆ ಕಾಯುವವರಿಗೆ ಇದರ ಬಿಸಿ ಗೊತ್ತು.

1921, 1922ರ ಎರಡು ಹಂಗಾಮುಗಳಲ್ಲಿ ಹಿಲ್ಡೆ ನೂರಾರು ಸಲ ಈ ಕಸಿ ಮಾಡಿದಳು. ಕೊನೆಗೆ ಹೇಳಿಕೊಳ್ಳುವಂತೆ ಬದುಕಿ ಬೆಳೆದ ಭ್ರೂಣಗಳು ಬೆರಳೆಣಿಕೆಯಷ್ಟು. ಆದರೆ ಅವುಗಳಲ್ಲಿ ಕಂಡದ್ದು ಅಷ್ಟಿಷ್ಟಲ್ಲ. ಚೂರು ನೆಟ್ಟ ಜಾಗದಲ್ಲಿ ಎರಡನೆಯ ಬೆನ್ನೊಂದು ಮೂಡಿತ್ತು. ಎರಡನೆಯ ನರದ ಕೊಳವೆ, ಅದರ ಪಕ್ಕದಲ್ಲಿ ಸ್ನಾಯುವಾಗುವ ತುಣುಕುಗಳು. ಒಂದು ಭ್ರೂಣಕ್ಕೆ ಇನ್ನೊಂದು ಭ್ರೂಣ ಸಯಾಮಿ ಅವಳಿಯಂತೆ ಅಂಟಿಕೊಂಡು ಬೆಳೆದಿತ್ತು.

ಬಣ್ಣ ನೋಡಿದಾಗ ನಿಜವಾದ ಉತ್ತರ ಸಿಕ್ಕಿತು. ನೆಟ್ಟ ಬಿಳಿಚು ಚೂರು ತಾನು ಹೆಚ್ಚಾಗಿ ಒಳಗಿನ ಬೆನ್ನಿನ ದಂಡವಾಗಿತ್ತು. ಅದರ ಮೇಲಿದ್ದ ನರದ ಕೊಳವೆಯ ಬಹುಪಾಲು ಕಂದು ಬಣ್ಣದ್ದು, ಅಂದರೆ ಆತಿಥ್ಯ ಕೊಟ್ಟ ಭ್ರೂಣದ್ದೇ ಕೋಶಗಳು. ಹೊಟ್ಟೆಯ ಚರ್ಮವಾಗಿ ಬಾಳಬೇಕಿದ್ದ ಕೋಶಗಳು ನೆರೆಗೆ ಬಂದ ಒಂದು ಸಣ್ಣ ಚೂರಿನ ಮಾತು ಕೇಳಿ ಮಿದುಳು, ಬೆನ್ನುಹುರಿಯ ಕೋಶಗಳಾಗಿದ್ದವು. ಕೋಶದ ಹಣೆಬರಹ ಹುಟ್ಟುವಾಗಲೇ ಪೂರ್ತಿ ಬರೆದಿರುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಅದನ್ನು ಬರೆಯುತ್ತದೆ ಎಂದು ಇದರಿಂದ ತಿಳಿಯಿತು. ಆ ಚೂರಿಗೆ ಸ್ಪೆಮನ್ ‘ಆರ್ಗನೈಸರ್’, ಅಂದರೆ ಸಂಘಟಕ ಎಂದು ಹೆಸರಿಟ್ಟರು.

ಹೆಸರಿನ ಪ್ರಶ್ನೆ

ಈ ನಡುವೆ 1921ರಲ್ಲಿ ಹಿಲ್ಡೆ ಅದೇ ಲ್ಯಾಬಿನ ಮುಖ್ಯ ಸಹಾಯಕ ಒಟ್ಟೊ ಮ್ಯಾಂಗೋಲ್ಡ್ ಅವರನ್ನು ಮದುವೆಯಾದಳು. 1923ರಲ್ಲಿ ಡಾಕ್ಟರೇಟ್ ಬಂತು, ಆ ವರ್ಷದ ಕೊನೆಯಲ್ಲಿ ಗಂಡುಮಗು ಹುಟ್ಟಿತು.

ಪ್ರಬಂಧವನ್ನು ಲೇಖನವಾಗಿ ಪ್ರಕಟಿಸುವಾಗ ಸ್ಪೆಮನ್ ತಮ್ಮ ಹೆಸರನ್ನೂ ಸೇರಿಸಿದರು, ಅದೂ ಮೊದಲನೆಯದಾಗಿ. ಅವರ ಇತರ ವಿದ್ಯಾರ್ಥಿಗಳು ತಮ್ಮ ಪ್ರಬಂಧವನ್ನು ತಮ್ಮ ಹೆಸರಿನಲ್ಲೇ ಪ್ರಕಟಿಸುತ್ತಿದ್ದರು. ಹಿಲ್ಡೆಗೆ ಇದು ಬೇಸರ ತಂದಿತ್ತೆಂದು ಹ್ಯಾಂಬರ್ಗರ್ ನೆನೆದಿದ್ದಾರೆ. ಪ್ರಯೋಗದ ಕಲ್ಪನೆ ಗೈಡಿನದು, ಅದರ ಅರ್ಥವನ್ನು ವಿಸ್ತಾರವಾಗಿ ಬಿಡಿಸಿ ಹೇಳಿದ್ದೂ ಅವರೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಸಾಸಿವೆ ಕಾಳಿನ ಮೇಲೆ ಗಾಜಿನ ಸೂಜಿ ಹಿಡಿದ ಕೈ ಹಿಲ್ಡೆಯದು. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನ ರಕ್ಷಾಪುಟದಲ್ಲಿ ನಾಲ್ಕು ಹೆಸರಿದ್ದಾಗ, ರಾತ್ರಿಯೆಲ್ಲ ಕೂತು ಕೋಡ್ ಬರೆದವರು ಯಾರು ಎಂದು ಆ ನಾಲ್ವರಿಗಷ್ಟೇ ಗೊತ್ತಿರುತ್ತದೆ. ಈ ಪ್ರಶ್ನೆ ನೂರು ವರ್ಷ ಹಳೆಯದು, ಇನ್ನೂ ಮುಗಿದಿಲ್ಲ.

1924ರಲ್ಲಿ ಒಟ್ಟೊಗೆ ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಸಂಸ್ಥೆಯಲ್ಲಿ ಹುದ್ದೆ ಸಿಕ್ಕಿ, ಹಿಲ್ಡೆ ಮಗುವಿನೊಂದಿಗೆ ಅಲ್ಲಿಗೆ ಹೋದಳು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಡುಗೆಮನೆಯಲ್ಲಿ ನಡೆದ ಬೆಂಕಿ ಅವಘಡದಲ್ಲಿ ಆಕೆ ತೀವ್ರವಾಗಿ ಸುಟ್ಟುಕೊಂಡು, ಸೆಪ್ಟೆಂಬರ್ 4ರಂದು ತೀರಿಕೊಂಡಳು. ಆಕೆಯ ಲೇಖನ ಬೆಳಕು ಕಂಡದ್ದೂ ಅದೇ 1924ರಲ್ಲಿ. ಅದು ಜಗತ್ತಿನಲ್ಲಿ ಎಬ್ಬಿಸಿದ ಸದ್ದನ್ನು ಕೇಳಲು ಆಕೆ ಇರಲಿಲ್ಲ. ತಾಯಿಯ ಮುಖ ನೆನಪಿಡುವಷ್ಟೂ ದೊಡ್ಡದಾಗಿರದ ಆ ಮಗು ಮುಂದೆ ಎರಡನೇ ಮಹಾಯುದ್ಧದಲ್ಲಿ ಸತ್ತಿತು.

1935ರಲ್ಲಿ ಸ್ಪೆಮನ್ನರಿಗೆ ವೈದ್ಯಕೀಯ ನೊಬೆಲ್ ಬಂದದ್ದು ಆರ್ಗನೈಸರ್ ಶೋಧಕ್ಕಾಗಿ. ಪ್ರಬಂಧ ಬರೆದವಳ ಹೆಸರು ಪ್ರಶಸ್ತಿಯಲ್ಲಿಲ್ಲ. ಆದರೆ ಇಂದಿನ ಭ್ರೂಣವಿಜ್ಞಾನದ ಪುಸ್ತಕ ತೆರೆದರೆ ಅಲ್ಲಿ ‘ಸ್ಪೆಮನ್-ಮ್ಯಾಂಗೋಲ್ಡ್ ಆರ್ಗನೈಸರ್’ ಎಂದಿರುತ್ತದೆ. ತಡವಾದರೂ ಹೆಸರು ಜೋಡಿಯಾಯಿತು.

ದಶಕಗಳ ಹುಡುಕಾಟ

ಆ ಚೂರು ಪಕ್ಕದ ಕೋಶಗಳಿಗೆ ಹೇಳುವುದೇನು? ಎಲ್ಲರೂ ಅದನ್ನೇ ಹುಡುಕಲು ಹೊರಟರು. 1930ರ ದಶಕದಲ್ಲಿ ವಿಚಿತ್ರ ಸಂಗತಿ ಕಂಡಿತು. ಆರ್ಗನೈಸರ್ ಚೂರನ್ನು ಕೊಂದು ನೆಟ್ಟರೂ ನರದ ಅಂಗಾಂಶ ಬೆಳೆಯುತ್ತಿತ್ತು. ಸಂಬಂಧವೇ ಇಲ್ಲದ ಎಷ್ಟೋ ಪದಾರ್ಥಗಳೂ ಅದೇ ಪರಿಣಾಮ ತೋರಿಸಿದವು. ಯಾವುದು ನಿಜವಾದ ಸಂಕೇತ ಎಂದು ತಿಳಿಯದೆ ವಿಜ್ಞಾನಿಗಳು ಕಂಗೆಟ್ಟರು. ಹುಡುಕಾಟ ದಶಕಗಳ ಕಾಲ ನೆನೆಗುದಿಗೆ ಬಿತ್ತು.

ಉತ್ತರ ಸಿಕ್ಕಿದ್ದು 1990ರ ದಶಕದಲ್ಲಿ, ಆಫ್ರಿಕಾದ ಕ್ಸೆನೋಪಸ್ ಎಂಬ ಕಪ್ಪೆಯ ಭ್ರೂಣದಲ್ಲಿ. 1992ರಲ್ಲಿ ‘ನಾಗಿನ್’, 1994ರಲ್ಲಿ ‘ಕಾರ್ಡಿನ್’ ಎಂಬ ಪ್ರೋಟೀನುಗಳು ಪತ್ತೆಯಾದವು. ಆರ್ಗನೈಸರ್ ಇವುಗಳನ್ನು ಹೊರಸೂಸುತ್ತದೆ. ಆದರೆ ಇವು ನರವಾಗು ಎಂದು ಅಪ್ಪಣೆ ಕೊಡುವುದಿಲ್ಲ. ಭ್ರೂಣದ ತುಂಬ ಬಿಎಂಪಿ ಎಂಬ ಇನ್ನೊಂದು ಪ್ರೋಟೀನ್ ಹರಡಿರುತ್ತದೆ, ಅದರ ಅಪ್ಪಣೆ ಚರ್ಮವಾಗು ಎಂದು. ನಾಗಿನ್, ಕಾರ್ಡಿನ್ ಆ ಬಿಎಂಪಿಯನ್ನು ಹಿಡಿದು ಕಟ್ಟಿಹಾಕುತ್ತವೆ. ಅಪ್ಪಣೆ ತಲುಪದ ಕೋಶ ತಾನಾಗಿ ನರಕೋಶದ ದಾರಿ ಹಿಡಿಯುತ್ತದೆ.

ಇದನ್ನು ಓದಿದಾಗ ನನಗೆ ನಾಟ್ ಗೇಟ್ ನೆನಪಾಯಿತು. ಒಳಗೆ ಸಿಗ್ನಲ್ ಬಂದರೆ ಹೊರಗೆ ಸೊನ್ನೆ, ಒಳಗೆ ಸೊನ್ನೆಯಾದರೆ ಹೊರಗೆ ಒಂದು. ಬಿಎಂಪಿ ಬಂದರೆ ನರ ಇಲ್ಲ, ಬಿಎಂಪಿ ತಡೆದರೆ ನರ. ಸಂಶೋಧಕರು ಹುಡುಕುತ್ತಿದ್ದದ್ದು ಸ್ವಿಚ್ ಒತ್ತುವ ಬೆರಳನ್ನು, ಸಿಕ್ಕಿದ್ದು ಒತ್ತಿದ ಬೆರಳನ್ನು ಎತ್ತಿಸುವ ಕೈ. ಸತ್ತ ಚೂರು, ಕಂಡಕಂಡ ಪದಾರ್ಥಗಳಿಗೂ ನ್ಯೂಟ್ ಕೋಶ ಏಕೆ ಅಷ್ಟು ಸುಲಭವಾಗಿ ನರದ ಕಡೆ ವಾಲುತ್ತಿತ್ತು ಎಂಬುದಕ್ಕೂ ಇದರಲ್ಲಿ ಸುಳಿವಿದೆ. ಇದು ಸರಳ ಮಾಡಿದ ಚಿತ್ರ, ಇನ್ನೂ ಹಲವು ಸಂಕೇತಗಳು ಈ ಕೆಲಸದಲ್ಲಿ ಸೇರುತ್ತವೆ. ಆದರೆ ತಿರುಳು ಇದೇ.

ಇಪ್ಪತ್ತೆಂಟು ದಿನಗಳ ಲೆಕ್ಕ

ನ್ಯೂಟಿನ ಕತೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಬಸುರಿಯಾಗಿ ತವರಿಗೆ ಬಂದಿರುವ ನನ್ನ ಅಕ್ಕನ ತಾಯಿ ಕಾರ್ಡಿನಲ್ಲಿ ಫೋಲಿಕ್ ಆ್ಯಸಿಡ್ ಎಂದು ಬರೆದಿರುವುದಕ್ಕೂ ಈ ಕತೆಗೂ ನೇರ ನಂಟಿದೆ.

ಮನುಷ್ಯರ ಭ್ರೂಣದಲ್ಲಿ ನರದ ಕೊಳವೆ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಪೂರ್ತಿ ಮುಚ್ಚಿಕೊಳ್ಳಬೇಕು. ಕೆಳಭಾಗದಲ್ಲಿ ಮುಚ್ಚದಿದ್ದರೆ ಮಗು ಸ್ಪೈನಾ ಬೈಫಿಡಾ ಎಂಬ ತೊಂದರೆಯೊಂದಿಗೆ ಹುಟ್ಟುತ್ತದೆ. ಬೆನ್ನುಹುರಿ ಸರಿಯಾಗಿ ಮುಚ್ಚಿರುವುದಿಲ್ಲ, ಕಾಲಿನ ಶಕ್ತಿ, ಮೂತ್ರದ ಹಿಡಿತ ಕುಂದಬಹುದು. ತಲೆಯ ಕಡೆ ಮುಚ್ಚದಿದ್ದರೆ ಮಿದುಳೇ ಬೆಳೆಯದೆ ಮಗು ಉಳಿಯುವುದಿಲ್ಲ. ಇಂಥ ಮಗು ಹುಟ್ಟಿದಾಗ ಗ್ರಹಣದ ದಿನ ಹೊರಗೆ ಹೋದದ್ದು, ಯಾವುದೋ ಶಾಪ ಎಂದೆಲ್ಲ ತಾಯಿಯ ತಲೆಗೆ ಕಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಶಾಪದ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಸುರುಳಿ ಸುತ್ತಬೇಕಿದ್ದ ಎಲೆ ಪೂರ್ತಿ ಸುತ್ತಿಕೊಳ್ಳಲಿಲ್ಲ, ಅಷ್ಟೆ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಾವು ಸುಲಭವಾಗಿ ಸರಿಪಡಿಸಬಹುದಾದ ಒಂದು, ಫೋಲಿಕ್ ಆ್ಯಸಿಡ್ ಎಂಬ ಬಿ ಗುಂಪಿನ ವಿಟಮಿನ್ ಸಾಲದಿರುವುದು. ಹಿಂದೆ ಇಂಥ ಗರ್ಭವಾಗಿದ್ದ ಮಹಿಳೆಯರಲ್ಲಿ ಫೋಲಿಕ್ ಆ್ಯಸಿಡ್ ಮಾತ್ರೆ ಈ ತೊಂದರೆ ಮರುಕಳಿಸುವುದನ್ನು ಶೇ 72ರಷ್ಟು ತಡೆಯಿತು ಎಂದು 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ಲಿನ ದೊಡ್ಡ ಅಧ್ಯಯನ ತೋರಿಸಿತು.

ಇಲ್ಲೊಂದು ತೊಡಕಿದೆ. 28 ದಿನ ಎಂದರೆ ಮುಟ್ಟು ತಪ್ಪಿ ಎರಡು ವಾರ ಕಳೆದಿರುತ್ತದೆ ಅಷ್ಟೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದೇ ಆಗ ಗೊತ್ತಿರುವುದಿಲ್ಲ. ಆಸ್ಪತ್ರೆಗೆ ಹೋಗಿ, ಕಾರ್ಡ್ ಮಾಡಿಸಿ, ಆಶಾ ಕಾರ್ಯಕರ್ತೆಯಿಂದ ಮಾತ್ರೆ ಪಡೆಯುವ ಹೊತ್ತಿಗೆ ಕೊಳವೆ ಮುಚ್ಚಿಯೋ, ಮುಚ್ಚದೆಯೋ ಕೆಲಸ ಮುಗಿದಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ, ಮಗು ಬೇಕೆಂದು ಯೋಚಿಸುವಾಗಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆ್ಯಸಿಡ್ ತೆಗೆದುಕೊಂಡು ಗರ್ಭದ 12 ವಾರದವರೆಗೆ ಮುಂದುವರಿಸಲು ಹೇಳುತ್ತದೆ. ಹಿಂದೆ ತೊಂದರೆಯಾದವರಿಗೆ ಪ್ರಮಾಣ ಬೇರೆ, ವೈದ್ಯರನ್ನೇ ಕೇಳಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನೆನಪಿದೆಯೇ? ಹೆಚ್ಚಿನವರು ಬಾಯಿಗೆ ಹಾಕಿದಂತೆ ಮಾಡಿ ಕಿಟಕಿಯಿಂದ ಎಸೆಯುತ್ತಿದ್ದದ್ದು! ಅದರಲ್ಲಿ ಕಬ್ಬಿಣದ ಜೊತೆಗೆ ಇದ್ದದ್ದು ಇದೇ ಫೋಲಿಕ್ ಆ್ಯಸಿಡ್.

ಈ ಪುಟ ಓದುವ ನಾವೆಲ್ಲ ಹೆಚ್ಚುಕಡಿಮೆ ಇಪ್ಪತ್ತರ ಆಸುಪಾಸಿನವರು. ಇನ್ನು ಕೆಲವೇ ವರ್ಷಗಳಲ್ಲಿ ನಮ್ಮಲ್ಲಿ ಹಲವರ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಆಗ ಬೇಕಾಗುವ ತಿಳಿವಳಿಕೆ ಈಗಲೇ ಇದ್ದರೆ ಚೆನ್ನ. ಹುಡುಗರೂ ಇದನ್ನು ತಿಳಿದುಕೊಳ್ಳಬೇಕು, ಮಾತ್ರೆ ತಂದುಕೊಡುವ ಕೆಲಸ ಅವರದ್ದೂ ಹೌದು.

ಹಿಲ್ಡೆಗೆ ಫೋಲಿಕ್ ಆ್ಯಸಿಡ್ ಗೊತ್ತಿರಲಿಲ್ಲ, ಬಿಎಂಪಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಾಜಿನ ಸೂಜಿ ಹಿಡಿಯುವುದು, ನೂರು ಸಲ ಸತ್ತರೂ ನೂರೊಂದನೇ ಭ್ರೂಣವನ್ನು ಅಷ್ಟೇ ಎಚ್ಚರದಿಂದ ಕತ್ತರಿಸುವುದು. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬರುತ್ತದೋ ಇಲ್ಲವೋ ಎಂದು ದಿನ ಎಣಿಸುವ ನಮಗೆ ಆಕೆಯ ಬದುಕಿನಿಂದ ಸಿದ್ಧ ಸೂತ್ರವೇನೂ ಸಿಗಲಾರದು. ಕಷ್ಟಪಟ್ಟವರಿಗೆ ಫಲ ಸಿಕ್ಕೇ ಸಿಗುತ್ತದೆ ಎಂದು ಆಕೆಯನ್ನು ತೋರಿಸಿ ಹೇಳುವಂತಿಲ್ಲ, ಏಕೆಂದರೆ ಆಕೆಗೆ ಸಿಗಲಿಲ್ಲ. ಫಲ ಸಿಕ್ಕಿದ್ದು ಬೇರೆಯವರಿಗೆ. ನಮ್ಮ ಅಕ್ಕನಂಥವರಿಗೆ, ಆಕೆಯ ಹೊಟ್ಟೆಯಲ್ಲಿರುವ ಮಗುವಿಗೆ, ಬೆನ್ನು ನೆಟ್ಟಗೆ ಮಾಡಿ ಕೂತು ಇದನ್ನು ಓದುತ್ತಿರುವ ನಮಗೆ.

ಮನೆಯಲ್ಲಿ, ನೆರೆಯಲ್ಲಿ ಹೊಸದಾಗಿ ಮದುವೆಯಾದ ಅಕ್ಕನೋ ಅತ್ತಿಗೆಯೋ ಇದ್ದರೆ ಈ 28 ದಿನಗಳ ಲೆಕ್ಕವನ್ನು ಅವರಿಗೊಮ್ಮೆ ಹೇಳಿ. ಹೇಳುವಾಗ ಹಿಲ್ಡೆ ಮ್ಯಾಂಗೋಲ್ಡ್ ಎಂಬ ಹೆಸರನ್ನೂ ಸೇರಿಸಿ.

– ಬಿಇ ವಿದ್ಯಾರ್ಥಿನಿ, ಮರ್ಕಂಜ, ಸುಳ್ಯ